ಒಂದು ಸ್ಟಾರ್ ಕೊಟ್ಟಿದ್ದೆ, ಈಗ ತಿದ್ದುತ್ತಿದ್ದೇನೆ: ನಮ್ಮೂರ ಲೈಬ್ರರಿ ರಿವ್ಯೂ

ಹೋದ ವರ್ಷ ಬೇಸಿಗೆಯಲ್ಲಿ ಇದೇ ಜಾಗಕ್ಕೆ ಒಂದು ಸ್ಟಾರ್ ಒತ್ತಿ ಎರಡು ಸಾಲು ಬರೆದಿದ್ದೆ. "ಯಾವಾಗ ಹೋದರೂ ಬಾಗಿಲು ಹಾಕಿರುತ್ತೆ. ಇಲ್ಲಿನ ಸಿಬ್ಬಂದಿಗೆ ಜವಾಬ್ದಾರಿ ಅನ್ನೋದೇ ಇಲ್ಲ." ಅಷ್ಟೇ. ಮಟಮಟ ಮಧ್ಯಾಹ್ನ ಮಗಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಿ, ಬೀಗ ನೋಡಿ, ವಾಪಸ್ ಬಂದ ಸಿಟ್ಟು ಅದು. ನನ್ನ ಆ ಎರಡು ಸಾಲಿಗೆ ಹನ್ನೊಂದು ಲೈಕ್ ಬಂದಿದ್ದವು. ನಾನು ಇಲ್ಲಿವರೆಗೆ ಬರೆದ ಯಾವುದಕ್ಕೂ ಅಷ್ಟು ಬಂದಿಲ್ಲ, ಅದು ಬೇರೆ ಮಾತು.

ಈಗ ಆ ರಿವ್ಯೂ ಅಳಿಸಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಆಗಲಿ. ಊರಿನ ಹೆಸರು ಬೇಕಂತಲೇ ಹಾಕಿಲ್ಲ. ಒಂದು ತಾಲ್ಲೂಕು ಕೇಂದ್ರ, ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ನಡಿಗೆ, ಸಂತೆ ಮೈದಾನದ ಹಿಂದೆ ಒಂದು ಹಳೇ ಹೆಂಚಿನ ಕಟ್ಟಡ, ಅಷ್ಟು ಗೊತ್ತಾದರೆ ಸಾಕು. ಹೆಸರು ಹಾಕಿದರೆ ಬೈಸಿಕೊಳ್ಳೋದು ಅಲ್ಲಿ ಕೆಲಸ ಮಾಡೋ ಆ ಒಬ್ಬರೇ.

ಮೊದಲು ಜಾಗದ ಬಗ್ಗೆ. ಒಳಗೆ ಹೋದರೆ ಎಡಗಡೆ ಪತ್ರಿಕೆ ಓದೋ ಕೋಣೆ, ಬಲಗಡೆ ಪುಸ್ತಕದ ಕೋಣೆ, ಮಧ್ಯದಲ್ಲಿ ಒಂದು ಮೇಜು. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಪೆನ್ನು ಬರೆಯಲ್ಲ, ನಿಮ್ಮದೇ ತಗೊಂಡು ಹೋಗಿ. ಮಳೆಗಾಲದಲ್ಲಿ ಪುಸ್ತಕದ ಕೋಣೆಯ ಎರಡು ಕಡೆ ಸೋರುತ್ತೆ. ಎಲ್ಲಿ ಸೋರುತ್ತೆ ಅಂತ ಅವರಿಗೆ ಗೊತ್ತಿರೋದರಿಂದ ಆ ಎರಡು ಜಾಗದಲ್ಲಿ ಕಪಾಟು ಇಲ್ಲ, ಬಕೆಟ್ ಇದೆ. ಫ್ಯಾನು ಆರು, ತಿರುಗೋದು ನಾಲ್ಕು. ಕಿಟಕಿ ದೊಡ್ಡವು, ಗಾಳಿ ಬೆಳಕು ಚೆನ್ನಾಗಿದೆ. ಹಳೇ ಕಾಲದವರು ಕಟ್ಟಿದ್ದು, ಅದಕ್ಕೇ.

ಪತ್ರಿಕೆ ಕೋಣೆ ನೋಡಬೇಕಾದದ್ದು. ಇಳಿಜಾರಾದ ಮರದ ಸ್ಟ್ಯಾಂಡ್, ಪತ್ರಿಕೆ ಹಾರದಂತೆ ಮಧ್ಯೆ ಕಬ್ಬಿಣದ ಪಟ್ಟಿ. ನಾನು ಹೈಸ್ಕೂಲಿನಲ್ಲಿ ಇದ್ದಾಗ ಎಲ್ಲ ಸ್ಟ್ಯಾಂಡೂ ತುಂಬಿರುತ್ತಿದ್ದವು. ಕನ್ನಡದವು, ಇಂಗ್ಲಿಷಿನ ಎರಡು, ಒಂದು ಉರ್ದು, ಜೊತೆಗೆ ವಾರಪತ್ರಿಕೆ ಮಾಸಪತ್ರಿಕೆ. ಈಗ ಬರೋದು ನಾಲ್ಕು. ಉಳಿದ ಸ್ಟ್ಯಾಂಡುಗಳ ಮೇಲೆ ಹಿರಿಯರು ಕೊಡೆ ನೇತು ಹಾಕುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯೋ ಹೊತ್ತಿಗೆ ಏಳೆಂಟು ಜನ ಹೊರಗೆ ಕಾಯುತ್ತಿರುತ್ತಾರೆ, ಎಲ್ಲರೂ ನಿವೃತ್ತರು. ನಾಲ್ಕು ಪತ್ರಿಕೆ, ಎಂಟು ಜನ. ಅದಕ್ಕೆ ಅವರೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಪಟ್ಟಿ ಸಡಿಲಿಸಿ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಾರೆ. ಮುಖಪುಟ ಹಿಡಿದವರು ಅರ್ಧ ಸುದ್ದಿ ಓದಿ "ಪುಟ ಎಂಟಕ್ಕೆ" ಅಂತ ಕಂಡ ಕೂಡಲೇ ತಲೆ ಎತ್ತಿ "ಎಂಟು ಯಾರ ಹತ್ರ ಇದೆ?" ಅಂತ ಕೂಗುತ್ತಾರೆ. ನೋಡೋಕೆ ತಮಾಷೆಯಾಗಿದೆ. ಆದರೆ ಇವರು ಹಂಚಿ ಓದೋದನ್ನು ಕಲಿತದ್ದು ಪತ್ರಿಕೆ ಕಡಿಮೆಯಾದ ಮೇಲೆ, ಅದನ್ನೂ ಹೇಳಬೇಕು.

ಈಗ ಬೀಗದ ಕಥೆ.

ಆ ರಿವ್ಯೂ ಬರೆದು ಮೂರು ತಿಂಗಳಾಗಿತ್ತು ಅನ್ಸುತ್ತೆ. ಮಗಳ ಪ್ರಾಜೆಕ್ಟಿಗೆ ಕೆರೆಗಳ ಬಗ್ಗೆ ಏನೋ ಬೇಕಿತ್ತು. ಹೋದೆ, ಅದೃಷ್ಟಕ್ಕೆ ಬಾಗಿಲು ತೆಗೆದಿತ್ತು. ಅಲ್ಲಿದ್ದ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಸ ಗುಡಿಸುತ್ತಿದ್ದರು. ನಾನು ಅವರನ್ನು ಕೆಲಸದವರು ಅಂದುಕೊಂಡು "ಲೈಬ್ರರಿಯನ್ ಬಂದಿಲ್ವಾ?" ಅಂತ ಕೇಳಿದೆ. ಅವರು ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದು ಬಂದು, ಮೇಜಿನ ಹಿಂದೆ ಕೂತು, "ಈಗ ಬಂದಿದ್ದಾರೆ, ಹೇಳಿ" ಅಂದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ.

ಕೆರೆ ಪುಸ್ತಕ ಎರಡು ನಿಮಿಷದಲ್ಲಿ ತಂದುಕೊಟ್ಟರು. ಕಂಪ್ಯೂಟರ್ ನೋಡಲಿಲ್ಲ, ಕಾರ್ಡ್ ನೋಡಲಿಲ್ಲ, ಸೀದಾ ಹೋಗಿ ಎರಡನೇ ಕಪಾಟಿನ ಕೆಳಗಿನ ಸಾಲಿನಿಂದ ಎಳೆದರು. ಜೊತೆಗೆ ಕೇಳದೇ ಇದ್ದ ಇನ್ನೊಂದನ್ನೂ ತಂದರು, ಮಕ್ಕಳಿಗೆ ಇದು ಸುಲಭ ಅಂತ. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರು ನೋಡಿ ಒಂದು ಗಳಿಗೆ ಸುಮ್ಮನಿದ್ದು, "ಒಂದು ಸ್ಟಾರ್ ಕೊಟ್ಟಿದ್ದು ನೀವೇ ಅಲ್ವಾ?" ಅಂದರು. ಅವರ ಮಗ ಫೋನಿನಲ್ಲಿ ಓದಿ ಹೇಳಿದ್ದನಂತೆ.

ಸಿಟ್ಟು ಮಾಡಲಿಲ್ಲ. ಹಾಜರಿ ಪುಸ್ತಕ ತೆಗೆದು ತೋರಿಸಿದರು. ಅದನ್ನು ತೋರಿಸಬಹುದೋ ಇಲ್ಲವೋ ಗೊತ್ತಿಲ್ಲ, ತೋರಿಸಿದರು. ಹಳೇ ಪುಟಗಳಲ್ಲಿ ಒಂದರ ಕೆಳಗೆ ಒಂದು ಐದು ಹೆಸರು: ಗ್ರಂಥಪಾಲಕರು, ಸಹಾಯಕರು ಇಬ್ಬರು, ಜವಾನ, ಸ್ವಚ್ಛತೆಯವರು. ಪುಟ ತಿರುಗಿಸಿದ ಹಾಗೆ ಒಂದೊಂದೇ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ವಯೋನಿವೃತ್ತಿ". ಮೊದಲು ಗ್ರಂಥಪಾಲಕರು. ಅವರ ಜಾಗಕ್ಕೆ ಪಕ್ಕದ ತಾಲ್ಲೂಕಿನವರು ಪ್ರಭಾರ. ಪ್ರಭಾರ ಅಂದರೆ ಗೊತ್ತಲ್ಲ, ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗೋದು, ಪಾಪ ಅವರಿಗೂ ಅಲ್ಲಿ ಅದೇ ಪಾಡು. ಆಮೇಲೆ ಸ್ವಚ್ಛತೆಯವರು. ಆಮೇಲೆ ಸಹಾಯಕರಲ್ಲಿ ಒಬ್ಬರು. ಜವಾನನ ಹೆಸರಿನ ಮುಂದೆ "ನಿಯೋಜನೆ" ಅಂತಿದೆ, ಜಿಲ್ಲಾ ಕಚೇರಿಗೆ ಕರೆಸಿಕೊಂಡಿದ್ದಾರೆ, ವಾಪಸ್ ಕಳಿಸಿಲ್ಲ. ಕೊನೆಯ ಪುಟಗಳಲ್ಲಿ ಒಂದೇ ಹೆಸರು. ಅದರ ಕೆಳಗಿನ ನಾಲ್ಕು ಗೆರೆ ಖಾಲಿ. ಅವರು ಆ ನಾಲ್ಕು ಗೆರೆಯನ್ನೂ ಪ್ರತಿ ತಿಂಗಳು ಸ್ಕೇಲ್ ಇಟ್ಟು ಎಳೆಯುತ್ತಾರೆ. ಯಾಕೆ ಅಂದೆ. "ಹುದ್ದೆ ಮಂಜೂರಾಗಿರೋದು ಐದು ಅಲ್ವಾ ಸಾರ್, ಗೆರೆ ಎಳೀಲೇಬೇಕು" ಅಂದರು.

ಇವರೊಬ್ಬರೇ ಉಳಿದವರು, ಅದೂ ಹೊರಗುತ್ತಿಗೆ. ಏಜೆನ್ಸಿ ಮೂಲಕ ಸಂಬಳ, ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತೆ. ಹಬ್ಬದ ತಿಂಗಳು ಬಂದರೆ ಪುಣ್ಯ. ಊರಾಚೆ ಬಡಾವಣೆಯಲ್ಲಿ ಇನ್ನೊಂದು ಪುಟ್ಟ ಶಾಖೆ ಇದೆ, ಅಲ್ಲಿದ್ದವರು ನಿವೃತ್ತರಾದ ಮೇಲೆ ಅದರ ಬೀಗದ ಕೈಯೂ ಇವರ ಗೊಂಚಲಿಗೇ ಸೇರಿತು. ಮಧ್ಯಾಹ್ನ ಇಲ್ಲಿ ಬೀಗ ಹಾಕಿ ಅಲ್ಲಿ ತೆಗೆಯುತ್ತಾರೆ, ಸಂಜೆ ಅಲ್ಲಿ ಹಾಕಿ ಇಲ್ಲಿ ತೆಗೆಯುತ್ತಾರೆ. ನಾನು ಮಗಳ ಜೊತೆ ಬಂದ ದಿನ ಅವರು ಅಲ್ಲಿದ್ದರು. ಆ ಶಾಖೆಯ ಪುಟದಲ್ಲೂ ಯಾರೋ ಒಂದು ಸ್ಟಾರ್ ಕೊಟ್ಟಿದ್ದಾರೆ, "ಬೆಳಿಗ್ಗೆ ಯಾವತ್ತೂ ತೆಗೆದಿರಲ್ಲ" ಅಂತ.

ಒಬ್ಬರೇ ಹೆಂಗಸು, ಎರಡೂ ಕಡೆ ಒಂದೊಂದು ಸ್ಟಾರ್!

ಮನೆಗೆ ಬಂದು ಯೋಚನೆ ಮಾಡಿದೆ. ನಮ್ಮ ಲೈಬ್ರರಿಗೆ "ಖರ್ಚು ಕಡಿತ" ಅನ್ನೋ ಆದೇಶ ಬಂದದ್ದು ನನಗಂತೂ ಗೊತ್ತಿಲ್ಲ. ಲೈಬ್ರರಿ ಮುಚ್ಚುತ್ತೇವೆ ಅಂತ ಯಾರೂ ಹೇಳಿಲ್ಲ. ಹೇಳಿದ್ದರೆ ನಾವೆಲ್ಲ ತಾಲ್ಲೂಕು ಕಚೇರಿ ಮುಂದೆ ಕೂತು ಧಿಕ್ಕಾರ ಕೂಗುತ್ತಿದ್ದೆವು. ಒಬ್ಬರು ನಿವೃತ್ತರಾದರು, ಹಾರ ಹಾಕಿ ಕಳಿಸಿಕೊಟ್ಟೆವು, ಆ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರು ಹೋದರು, ಅದೇ ಕಥೆ. ಕಡಿತ ಬಂದದ್ದು ಹೀಗೆ, ಒಂದೊಂದೇ ಹಾರ ಹಾಕಿಕೊಂಡು. ನಮಗೆ ಕಂಡದ್ದು ಮಾತ್ರ ಬಾಗಿಲಿಗೆ ಹಾಕಿದ ಬೀಗ, ಮತ್ತೆ ಬೈಯೋಕೆ ಸಿಕ್ಕಿದ್ದು ಆ ಬೀಗದ ಕೈ ಇಟ್ಟುಕೊಂಡವರು.

ಶೌಚಾಲಯದ ಬಗ್ಗೆ ಬರೆಯದಿದ್ದರೆ ಇದು ಪೂರ್ತಿ ರಿವ್ಯೂ ಆಗಲ್ಲ. ಇದೆ. ಹಿಂದುಗಡೆ, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಎರಡಕ್ಕೂ ಬೀಗ. ತೊಳೆಯೋರು ಇಲ್ಲ, ಅದಕ್ಕೆ. ಗಂಡಸರು ಕಾಂಪೌಂಡ್ ಗೋಡೆ ಹುಡುಕಿಕೊಂಡಿದ್ದಾರೆ, ಅದರ ವಾಸನೆ ಪತ್ರಿಕೆ ಕೋಣೆವರೆಗೂ ಬರುತ್ತೆ. ಹೆಣ್ಣುಮಕ್ಕಳದ್ದು ಕಷ್ಟ. ಪರೀಕ್ಷೆಗೆ ಓದೋಕೆ ಬರೋ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಒಬ್ಬಳು ಹನ್ನೊಂದೂವರೆಗೆ ಚೀಲ ತಗೊಂಡು ಎದ್ದಳು, ಇಷ್ಟು ಬೇಗ ಯಾಕಮ್ಮ ಅಂದರೆ "ಮನೆಗೆ ಹೋಗಿ ಬರ್ತೀನಿ ಅಂಕಲ್" ಅಂದಳು, ಮುಖ ನೋಡಿ ಅರ್ಥ ಮಾಡಿಕೊಂಡೆ. ಅವಳ ಹಳ್ಳಿ ಏಳು ಕಿಲೋಮೀಟರ್. ಬಸ್ಸು ಗಂಟೆಗೊಂದು. ವಾಪಸ್ ಬರಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಒಬ್ಬ ಸ್ವಚ್ಛತಾ ಕೆಲಸಗಾರರ ಸಂಬಳ ಉಳಿಸಿದ್ದಕ್ಕೆ ಆ ಹುಡುಗಿಯ ಅರ್ಧ ದಿನ ಹೋಗುತ್ತೆ, ದಿನಾ.

ದುಡ್ಡೇ ಇಲ್ವಾ ಹಾಗಾದರೆ? ಇಲ್ಲೇ ನನಗೆ ತಲೆ ಕೆಟ್ಟಿದ್ದು.

ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ನಾನೂ ಮೊದಲ ಸಲ ಸರಿಯಾಗಿ ನೋಡಿದ್ದು ಆವತ್ತೇ. ಆಸ್ತಿ ತೆರಿಗೆ ಒಂದು ಸಾಲು. ಅದರ ಕೆಳಗೆ ಉಪಕರಗಳು: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಕರ ಶೇ 3. ನನ್ನ ತೆರಿಗೆ 3,100 ರೂಪಾಯಿ, ಅದಕ್ಕೆ ಗ್ರಂಥಾಲಯ ಉಪಕರ 186. ಇಷ್ಟು ವರ್ಷ ಕಟ್ಟುತ್ತಾ ಬಂದಿದ್ದೇನೆ. ಲೈಬ್ರರಿ ಅಂದರೆ ಸರ್ಕಾರ ಪುಕ್ಕಟೆ ನಡೆಸೋ ಜಾಗ ಅಂತ ನನ್ನ ತಲೆಯಲ್ಲಿ ಇತ್ತು. ಅಲ್ಲ. ನನ್ನ ದುಡ್ಡಲ್ಲಿ ನಡೆಯೋ ಜಾಗ ಅದು.

ಈ ಉಪಕರ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ, ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಲೈಬ್ರರಿಗೆ ಒಂದು ಕಾನೂನು ಇರಬೇಕು, ಅದಕ್ಕೆ ಅಂತಲೇ ಒಂದು ಕರ ಇರಬೇಕು ಅಂತ ಜೀವನಪೂರ್ತಿ ಹೇಳಿಕೊಂಡು ಬಂದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1948ರಲ್ಲಿ ಮದ್ರಾಸಿನಲ್ಲಿ ಇಂಥ ಕಾನೂನು ಬಂತು. ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳು ನಮ್ಮ ಲೈಬ್ರರಿಯ ಗೋಡೆ ಮೇಲೂ ಇವೆ, ಯಾವುದೋ ಕಾಲದಲ್ಲಿ ಬರೆಸಿದ್ದು, ಬಣ್ಣ ಹೋಗಿದೆ. ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನೋದು. ಐದನೆಯದು ಗ್ರಂಥಾಲಯ ಬೆಳೆಯುವ ಜೀವಿ ಅಂತ. ಅದರ ಕೆಳಗೇ ಒಂದು ಬಕೆಟ್ ಇದೆ.

ಈ ಉಪಕರವನ್ನು ವಸೂಲಿ ಮಾಡೋದು ಪುರಸಭೆ, ನಗರಸಭೆ, ಪಾಲಿಕೆ. ಖರ್ಚು ಮಾಡಬೇಕಾದ್ದು ಗ್ರಂಥಾಲಯದವರು. ಮಧ್ಯೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕು. ದಾಟೋ ಜಾಗದಲ್ಲೇ ನಿಲ್ಲುತ್ತೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಗ್ರಂಥಾಲಯ ಕರವನ್ನು ಕೊಡದೆ ಬಾಕಿ ಇಟ್ಟುಕೊಂಡಿವೆ ಅನ್ನೋ ಸುದ್ದಿ ಪತ್ರಿಕೆಯಲ್ಲಿ ವರ್ಷಕ್ಕೆ ಎರಡು ಸಲವಾದರೂ ಬರುತ್ತೆ, ನೀವೂ ಓದಿರುತ್ತೀರಿ. ಅವರನ್ನು ಕೇಳಿದರೆ ನಮಗೇ ಬರಬೇಕಾದ ಅನುದಾನ ಬಂದಿಲ್ಲ, ಕಸದ ಗಾಡಿಗೆ ಡೀಸೆಲ್ ಹಾಕಿಸೋಕೆ ದುಡ್ಡಿಲ್ಲ, ಮೊದಲು ಅದು ನೋಡಬೇಕಲ್ಲ ಅನ್ನುತ್ತಾರೆ. ಅದೂ ಸುಳ್ಳಲ್ಲ. ಆದರೆ ರಸೀದಿಯಲ್ಲಿ ಅವರು "ಡೀಸೆಲ್" ಅಂತ ಬರೆದಿಲ್ಲ, "ಗ್ರಂಥಾಲಯ" ಅಂತ ಬರೆದಿದ್ದಾರೆ. ನಾನು ಹೋಟೆಲಿನಲ್ಲಿ ಮಸಾಲೆ ದೋಸೆಗೆ ದುಡ್ಡು ಕೊಟ್ಟು ಕೂತಿದ್ದೇನೆ, ದೋಸೆ ಬರಲ್ಲ, ಕೇಳಿದರೆ ನಿಮ್ಮ ದುಡ್ಡಲ್ಲಿ ಗ್ಯಾಸ್ ಬಿಲ್ ಕಟ್ಟಿದೆವು ಅಂದರೆ ಹೇಗೆ? ಅದರ ಮೇಲೆ ನಾನು ಬೈದದ್ದು ಸಪ್ಲೈಯರಿಗೆ.

ಪುಸ್ತಕಗಳ ವಿಷಯಕ್ಕೆ ಬರೋಣ, ಲೈಬ್ರರಿ ರಿವ್ಯೂನಲ್ಲಿ ಇಷ್ಟು ಹೊತ್ತಾದರೂ ಪುಸ್ತಕ ಬಂದಿಲ್ಲ.

ಹಳೇ ಪುಸ್ತಕ ಚೆನ್ನಾಗಿವೆ. ನಿಜವಾಗಲೂ. ಬೆನ್ನಿನ ಮೇಲೆ ಚೀಟಿ ಅಂಟಿಸಿ 894.814 ಅಂತ ಬರೆದಿರೋ ಸಾಲುಗಳಿಗೆ ಹೋಗಿ, ಅದು ಕನ್ನಡ ಸಾಹಿತ್ಯದ ನಂಬರ್. ಕಾದಂಬರಿ, ಪ್ರಬಂಧ, ಜೀವನಚರಿತ್ರೆ, ಈಗ ಎಲ್ಲೂ ಮರುಮುದ್ರಣ ಆಗದ ಪ್ರವಾಸ ಕಥನಗಳು, ಎಲ್ಲ ಇವೆ. ಧೂಳು ಇದೆ, ಕರವಸ್ತ್ರ ತಗೊಂಡು ಹೋಗಿ. ಆ ಪುಸ್ತಕಗಳ ಕೊನೇ ಹಾಳೆಯಲ್ಲಿ ವಾಪಸ್ ಕೊಡಬೇಕಾದ ತಾರೀಕಿನ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ನೋಡೋದು ನನಗೆ ಒಂದು ಚಟ ಆಗಿಬಿಟ್ಟಿದೆ. ಒಂದು ಕಾದಂಬರಿಯ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿ, ಅದೂ ತುಂಬಿ, ಮೂರನೆಯದು. ಮೊದಲ ಎರಡು ಚೀಟಿಯಲ್ಲಿ ನೇರಳೆ ಶಾಯಿಯ ಮುದ್ರೆ ಒತ್ತೊತ್ತಾಗಿ, ಹದಿನೈದು ದಿನಕ್ಕೊಂದು. ಮೂರನೇ ಚೀಟಿಯಲ್ಲಿ ಮುದ್ರೆಗಳ ಮಧ್ಯೆ ತಿಂಗಳುಗಟ್ಟಲೆ ಅಂತರ, ಆಮೇಲೆ ವರ್ಷಗಟ್ಟಲೆ. ಕೊನೆಯ ಎರಡು ತಾರೀಕು ಪೆನ್ನಿನಲ್ಲಿ ಬರೆದಿದ್ದು. ಮುದ್ರೆಯ ಇಂಕ್ ಪ್ಯಾಡ್ ಒಣಗಿದೆ, ಹೊಸದಕ್ಕೆ ಬೇಡಿಕೆ ಪಟ್ಟಿ ಕಳಿಸಿದ್ದಾರೆ, ಬಂದಿಲ್ಲ. ಒಂದು ಇಂಕ್ ಪ್ಯಾಡ್ ಎಷ್ಟು ಹೇಳಿ? ನಾನೇ ತಂದುಕೊಡುತ್ತೇನೆ ಅಂದೆ. "ಬೇಡ ಸಾರ್, ಆಮೇಲೆ ಅದನ್ನ ಸ್ಟಾಕ್ ರಿಜಿಸ್ಟರಲ್ಲಿ ಎಲ್ಲಿಂದ ಬಂತು ಅಂತ ಬರೀಬೇಕು" ಅಂದರು.

ಹೊಸ ಪುಸ್ತಕ ಇಲ್ಲವೇ ಇಲ್ಲ ಅಂತಲ್ಲ. ಬರುತ್ತವೆ, ಬಂಡಲ್‌ನಲ್ಲಿ. ರಾಜ್ಯ ಮಟ್ಟದಲ್ಲಿ ಏಕಗವಾಕ್ಷಿ ಯೋಜನೆ ಅಂತ ಇದೆ, ಆಯ್ಕೆ ಸಮಿತಿ ಆರಿಸಿದ ಪುಸ್ತಕಗಳ 300 ಪ್ರತಿ ಒಟ್ಟಿಗೆ ಕೊಂಡು ಲೈಬ್ರರಿಗಳಿಗೆ ಹಂಚುತ್ತಾರೆ. ಕನ್ನಡದ ಎಷ್ಟೋ ಸಣ್ಣ ಪ್ರಕಾಶಕರು ಆ 300 ಪ್ರತಿಯ ಲೆಕ್ಕ ಹಿಡಿದೇ ಪುಸ್ತಕ ಅಚ್ಚು ಹಾಕೋದು. ಅಲ್ಲಿ ಖರೀದಿ ತಡವಾದರೆ, ಬಿಲ್ ನಿಂತರೆ, ಇಲ್ಲಿ ನಮ್ಮ ಕಪಾಟು ಖಾಲಿ, ಅಲ್ಲಿ ಪ್ರಕಾಶಕರ ಮನೆಯ ಅಟ್ಟ ಭರ್ತಿ. ಬರೆಯುವವರಿಗೆ ಸಿಗಬೇಕಾದ ನಾಲ್ಕು ಕಾಸೂ ಇಲ್ಲ. ನಮ್ಮ ಲೈಬ್ರರಿಯ ದಾಖಲಾತಿ ರಿಜಿಸ್ಟರ್ ನೋಡಿದರೆ ಹಿಂದೆ ಒಂದು ವರ್ಷದ ಪುಸ್ತಕ ಬರೆಯೋಕೆ ಹತ್ತಾರು ಪುಟ ಬೇಕಾಗಿವೆ. ಈಚಿನ ಕೆಲವು ವರ್ಷ ಎಲ್ಲ ಸೇರಿ ಅಷ್ಟಾಗಿಲ್ಲ. ಬಂದ ಪುಸ್ತಕವೂ ಕೋಣೆಯ ಮೂಲೆಯಲ್ಲಿ ದಾರ ಬಿಚ್ಚದೆ ಬಿದ್ದಿವೆ, ಯಾಕೆಂದರೆ ನಂಬರ್ ಹಾಕಿ ಚೀಟಿ ಅಂಟಿಸಿ ಕಪಾಟಿಗೆ ಏರಿಸೋಕೆ ಎರಡನೇ ಜೋಡಿ ಕೈ ಇಲ್ಲ. ಪುಸ್ತಕಕ್ಕೆ ದುಡ್ಡು ಕೊಟ್ಟು ಜನರಿಗೆ ದುಡ್ಡು ಕೊಡದಿದ್ದರೆ ಹೀಗೇ ಆಗೋದು. ಆ ಕಟ್ಟಿನ ಮೇಲೆ ಈಗ ಬೆಕ್ಕು ಮಲಗುತ್ತೆ.

ಈಗಿನ ಓದುಗರಲ್ಲಿ ಮುಕ್ಕಾಲು ಪಾಲು ಸ್ಪರ್ಧಾತ್ಮಕ ಪರೀಕ್ಷೆಯವರು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ತಮ್ಮದೇ ಪುಸ್ತಕ, ತಮ್ಮದೇ ನೀರಿನ ಬಾಟಲಿ. ಅವರಿಗೆ ಬೇಕಾದ್ದು ಕುರ್ಚಿ, ಬೆಳಕು, ಮನೆಯ ಟಿವಿ ಇಲ್ಲದ ಒಂದು ಜಾಗ. ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರೋಕೆ ಆಗದವರು ಇಲ್ಲಿ ಬರುತ್ತಾರೆ. ಒಬ್ಬ ಹುಡುಗ ನಾಲ್ಕು ವರ್ಷದಿಂದ ಅದೇ ಕಿಟಕಿ ಪಕ್ಕ ಕೂರುತ್ತಿದ್ದಾನೆ, ಗಡ್ಡ ಬಂದಿದೆ. ರಾಜ್ಯ ಸರ್ಕಾರದ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಅಂತ ಸರ್ಕಾರವೇ ಹೇಳಿದೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗೋವರೆಗೆ ಅಂತ 2024ರ ಕೊನೆಯಲ್ಲಿ ಹೊಸ ನೇಮಕಾತಿ ಅಧಿಸೂಚನೆಗಳನ್ನೇ ನಿಲ್ಲಿಸಿದ್ದರು, ತಿಂಗಳುಗಟ್ಟಲೆ ಅದೇ ಕಾಯುವಿಕೆ. ಈ ಹುಡುಗ ಸರ್ಕಾರಿ ಕೆಲಸಕ್ಕೆ ಓದುತ್ತಿರೋದು ನಾಲ್ಕು ಸರ್ಕಾರಿ ಕೆಲಸ ಖಾಲಿ ಇರೋ ಕಟ್ಟಡದಲ್ಲಿ ಕೂತು. ಅವನಿಗೆ ಹೇಳಿದೆ ಇದನ್ನು. "ಗೊತ್ತು ಸಾರ್, ಆ ಎರಡನೇ ಗೆರೆ ನಂದು" ಅಂತ ನಕ್ಕ. ಹಾಜರಿ ಪುಸ್ತಕ ಅವನೂ ನೋಡಿದ್ದಾನೆ! ಮೇಡಂ ಊಟಕ್ಕೆ ಹೋದಾಗ ಹತ್ತು ನಿಮಿಷ ಮೇಜು ನೋಡಿಕೊಳ್ಳೋದು ಅವನೇ.

ಕಂಪ್ಯೂಟರ್ ಎರಡಿವೆ. ಒಂದಕ್ಕೆ ಬಟ್ಟೆ ಹೊದಿಸಿದೆ. ಇನ್ನೊಂದರ ಯುಪಿಎಸ್ ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಕೆಲಸವೂ ಹೋಯ್ತು. 2020ರಲ್ಲಿ ಶುರುವಾದ ಸರ್ಕಾರದ ಡಿಜಿಟಲ್ ಗ್ರಂಥಾಲಯ ಇದೆಯಲ್ಲ, ಅದನ್ನು ನನ್ನ ಫೋನಿಗೆ ಹಾಕಿಕೊಟ್ಟದ್ದು ಇದೇ ಮೇಡಂ. ಅದು ಒಳ್ಳೆಯದೇ, ಕೊರೊನಾ ಕಾಲದಲ್ಲಿ ಮಕ್ಕಳಿಗೆ ಉಪಯೋಗ ಆಯ್ತು. ಆದರೆ ಪತ್ರಿಕೆ ಓದೋಕೆ ಬರೋ ಆ ಎಂಟು ಹಿರಿಯರಿಗೆ ಆ್ಯಪ್ ತೋರಿಸಿ ನೋಡಿ, ಏನು ಅಂತಾರೆ ಕೇಳಿಸಿಕೊಳ್ಳಿ.

ಕುರ್ಚಿಗಳು ಮಾತ್ರ ಬೇಕಾದಷ್ಟಿವೆ. ಎಲ್ಲದರ ಬೆನ್ನಿಗೂ ದಾನಿಗಳ ಹೆಸರು. ಗಂಡನ ನೆನಪಿಗೆ ಹೆಂಡತಿ ಕೊಟ್ಟದ್ದು, ಮಗಳ ಮದುವೆಗೆ ಅಪ್ಪ ಕೊಟ್ಟದ್ದು, ಕ್ಲಬ್ಬಿನವರು ಕೊಟ್ಟ ಹನ್ನೆರಡು, ಅದರ ಮೇಲೆ ಆ ವರ್ಷದ ಅಧ್ಯಕ್ಷರ ಹೆಸರೂ ಸೇರಿ ಅಡಿಯಿಂದ ಮುಡಿವರೆಗೆ ಅಕ್ಷರ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಆಗ ಬಂದರೆ ಶಾಮಿಯಾನ, ಹಾರ, ಭಾಷಣ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ. ಕಳೆದ ಸಲ ಭಾಷಣದಲ್ಲಿ ಒಬ್ಬರು ಇನ್ನೂ ಇಪ್ಪತ್ತು ಕುರ್ಚಿ ಕೊಡಿಸುತ್ತೇನೆ ಅಂದರು, ಚಪ್ಪಾಳೆ ಬಿತ್ತು. ಕುರ್ಚಿಗೆ ದಾನಿ ಸಿಗುತ್ತಾರೆ, ಅದನ್ನು ಒರೆಸೋರ ಸಂಬಳಕ್ಕೆ ದಾನಿ ಸಿಗಲ್ಲ, ಸಂಬಳದ ಬೆನ್ನಿಗೆ ಹೆಸರು ಬರೆಸೋಕೆ ಆಗಲ್ಲವಲ್ಲ.

ನನ್ನ ಚಿಕ್ಕಪ್ಪನ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದ್ದಾನೆ. ಇದನ್ನೆಲ್ಲ ಫೋನಿನಲ್ಲಿ ಅವನ ಹತ್ತಿರ ಹೇಳಿಕೊಂಡರೆ "ನಮ್ಮಲ್ಲೂ ಇದೇ ಗೋಳು" ಅಂದ. ನಂಬಲಿಲ್ಲ ನಾನು. ಅಲ್ಲಿ 2013ರಲ್ಲಿ ಸುಮಾರು 19 ಕೋಟಿ ಪೌಂಡ್ ಖರ್ಚು ಮಾಡಿ ಹೊಸ ಲೈಬ್ರರಿ ಕಟ್ಟಿದರು. ಮಲಾಲಾ ಬಂದು ಉದ್ಘಾಟನೆ ಮಾಡಿದ್ದು, ಆ ಹುಡುಗಿಗೆ ತಾಲಿಬಾನಿಗಳು ಗುಂಡು ಹಾರಿಸಿದ ಮೇಲೆ ಚಿಕಿತ್ಸೆ ಆಗಿದ್ದು ಅದೇ ಊರಲ್ಲಿ. ಎರಡೇ ವರ್ಷಕ್ಕೆ, 2015ರಲ್ಲಿ, ನಡೆಸೋಕೆ ದುಡ್ಡಿಲ್ಲ ಅಂತ ವಾರಕ್ಕೆ 73 ಗಂಟೆ ತೆಗೆದಿರುತ್ತಿದ್ದ ಬಾಗಿಲನ್ನು 40 ಗಂಟೆಗೆ ಇಳಿಸಿದರು. 2023ರ ಸೆಪ್ಟೆಂಬರಿನಲ್ಲಿ ಆ ಊರಿನ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆ ಇದ್ದ ಹಾಗೆ, ಇನ್ನು ಕಡ್ಡಾಯ ಸೇವೆ ಬಿಟ್ಟು ಬೇರೆ ಹೊಸ ಖರ್ಚು ಮಾಡಲ್ಲ ಅಂತ ಅಧಿಕೃತವಾಗಿ ಹೇಳಿತು, ಹೆಂಗಸರಿಗೂ ಗಂಡಸರಷ್ಟೇ ಸಂಬಳ ಕೊಡದೆ ಉಳಿಸಿಕೊಂಡಿದ್ದ ಹಳೇ ಬಾಕಿ ಅಷ್ಟು ಬೆಳೆದಿತ್ತು. ಮುಂದಿನ ವರ್ಷ ಮನೆ ತೆರಿಗೆ ಹತ್ತಿರ ಹತ್ತಿರ ಶೇ 10 ಜಾಸ್ತಿ. 2025ರಲ್ಲಿ ಕಸದ ಗಾಡಿಯಲ್ಲಿ ಒಂದು ಹುದ್ದೆ ತೆಗೆಯುತ್ತೇವೆ ಅಂದದ್ದಕ್ಕೆ ಕೆಲಸಗಾರರು ಮುಷ್ಕರ ಕೂತು ಬೀದಿಯಲ್ಲಿ ಕಸ ಗುಡ್ಡೆ ಬಿತ್ತು. ತೆರಿಗೆ ಜಾಸ್ತಿ, ಸೇವೆ ಕಡಿಮೆ.

ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಎಷ್ಟು ಗಂಟೆ ಕಡಿಮೆ ಮಾಡುತ್ತೇವೆ, ಎಷ್ಟು ಹುದ್ದೆ ತೆಗೆಯುತ್ತೇವೆ ಅಂತ ಮುಂಚೆಯೇ ಕಾಗದದ ಮೇಲೆ ಹಾಕಿ ಜನರನ್ನು ಕೇಳುತ್ತಾರೆ. ಜನ ಬೇಡ ಅನ್ನುತ್ತಾರೆ, ಅವರು ಮಾಡೇ ಮಾಡುತ್ತಾರೆ. ಆದರೂ ಯಾರು ಮಾಡಿದರು, ಯಾವಾಗ ಮಾಡಿದರು ಅಂತ ಗೊತ್ತಿರುತ್ತೆ. ನಮ್ಮಲ್ಲಿ ಹುದ್ದೆ ಹಾಗೇ ಇದೆ, ಗೆರೆಯೂ ಇದೆ, ಜನ ಇಲ್ಲ. ಯಾರನ್ನ ಕೇಳೋದು?

ಪಕ್ಕದ ಹಳ್ಳಿಯ ಪಂಚಾಯ್ತಿ ಲೈಬ್ರರಿ ಬಗ್ಗೆಯೂ ಒಂದು ಮಾತು, ಇಲ್ಲದಿದ್ದರೆ ಬರೀ ಗೋಳು ಅಂತೀರಿ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು, ಈಗ ಅರಿವು ಕೇಂದ್ರ ಅಂತ ಹೆಸರು. ಅಲ್ಲಿ ಗೋಡೆಗೆ ಬಣ್ಣ, ಮಕ್ಕಳಿಗೆ ಚೆಸ್, ಕೇರಂ, ಕೂರೋಕೆ ಚಾಪೆ, ಶನಿವಾರ ಕಥೆ ಹೇಳೋದು. ನನ್ನ ಮಗಳಿಗೆ ನಮ್ಮೂರಿನದಕ್ಕಿಂತ ಅದೇ ಇಷ್ಟ. ದುಡ್ಡು ಮತ್ತೆ ಗಮನ ಎರಡೂ ಕೊಟ್ಟರೆ ಒಂದು ಕೋಣೆಯ ಲೈಬ್ರರಿಯೂ ಹೇಗಿರುತ್ತೆ ಅಂತ ನೋಡೋಕಾದರೂ ಹೋಗಿ. ಅಲ್ಲಿನ ಮೇಲ್ವಿಚಾರಕರೂ ಕಾಯಂ ಅಲ್ಲ, ಕಾಯಂ ಆಗಬೇಕು ಅನ್ನೋ ಅವರ ಬೇಡಿಕೆ ಬಹಳ ಹಳೆಯದು.

ಈಗ ಸ್ಟಾರ್. ಇದೇ ಕಷ್ಟ ಆಗಿದ್ದು. ಕಟ್ಟಡಕ್ಕೆ ಮೂರು. ಹಳೇ ಪುಸ್ತಕಕ್ಕೆ ನಾಲ್ಕು, ಹೊಸದಕ್ಕೆ ಒಂದು. ಪತ್ರಿಕೆಗೆ ಎರಡು. ಶೌಚಾಲಯಕ್ಕೆ ಸೊನ್ನೆ ಕೊಡೋಕೆ ಅವಕಾಶ ಇಲ್ಲ, ಇದ್ದಿದ್ದರೆ ಕೊಡುತ್ತಿದ್ದೆ. ಸಿಬ್ಬಂದಿಗೆ ಐದು. ಆದರೆ ಇಲ್ಲಿ ಎಲ್ಲ ಸೇರಿಸಿ ಒಂದೇ ಸಲ ಒತ್ತಬೇಕು. ಮೂರು ಒತ್ತಿದರೆ ಮೇಡಂಗೆ ಅನ್ಯಾಯ, ಐದು ಒತ್ತಿದರೆ ಮೇಲಿನವರು ಯಾರಾದರೂ ನೋಡಿ ಎಲ್ಲ ಚೆನ್ನಾಗೇ ನಡೀತಿದೆಯಲ್ಲ ಅಂದುಕೊಂಡಾರು. ಮೇಡಂನೇ ಕೇಳಿದೆ. "ಮೂರೇ ಕೊಡಿ ಸಾರ್, ಐದು ಕೊಟ್ಟರೆ ಇನ್ನೊಂದು ಶಾಖೆಯ ಬೀಗದ ಕೈಯೂ ಕೊಟ್ಟಾರು" ಅಂದರು. ಮೂರು ಒತ್ತಿದ್ದೇನೆ.

ಹೋಗೋರಿಗೆ ಮಾಹಿತಿ: ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ. ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡು, ಸಂಜೆ ನಾಲ್ಕರಿಂದ ಏಳೂವರೆ. ಮಧ್ಯಾಹ್ನ ಬೀಗ ಇದ್ದರೆ ಬಡಾವಣೆಯ ಶಾಖೆಗೆ ಹೋಗಿ, ಪುಸ್ತಕ ಅಲ್ಲೂ ವಾಪಸ್ ತಗೊಳ್ಳುತ್ತಾರೆ. ಪೆನ್ನು, ಕರವಸ್ತ್ರ, ನೀರು ಜೊತೆಗಿರಲಿ. ಪುಸ್ತಕದ ಕಟ್ಟು ಬಿಚ್ಚಿ ಚೀಟಿ ಅಂಟಿಸೋಕೆ ಭಾನುವಾರ ಬೆಳಿಗ್ಗೆ ನಾವು ಮೂರು ಜನ ಹೋಗುತ್ತಿದ್ದೇವೆ, ಗಡ್ಡದ ಹುಡುಗನೂ ಸೇರಿ. ಗೋಂದು ಇದೆ, ಕತ್ತರಿ ಒಂದೇ ಇದೆ, ಬರೋರು ತನ್ನಿ.